ಒಂದು ಡಬ್ಬಿ ಶಾಯಿಯ ಮೊಕದ್ದಮೆ

ನಮ್ಮ ಬಳಗದ ತಿಂಗಳ ಓದುಕೂಟಕ್ಕೆ ಬರುವವರಲ್ಲಿ 9 ಮಂದಿ 75 ದಾಟಿದವರು. ಮೊಬೈಲಿನ ಪರದೆಯಲ್ಲಿ ಕತೆ ಓದುವುದು ಅವರ ಕಣ್ಣಿಗೆ ಆಗದ ಕೆಲಸ. ಅವರಿಗಾಗಿ ಆಯಾ ತಿಂಗಳ ಚರ್ಚೆಯ ಬರಹವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ಪಿನ್ನು ಹೊಡೆದು, ಕೂಟಕ್ಕೆ ಒಂದು ವಾರ ಮೊದಲೇ ತಲುಪಿಸುವ ಹೊಣೆ ಡೊಂಬಿವಲಿಯ ನಮ್ಮ ಮನೆಯದು. ಒಬ್ಬರಿಗೆ 18 ಅಳತೆಯ ಅಕ್ಷರ ಸಾಕು, ಇನ್ನೊಬ್ಬರಿಗೆ 24 ಬೇಕು. ಆದ್ದರಿಂದ ಒಂದೇ ಪ್ರತಿ ತೆಗೆದು ಉಳಿದದ್ದನ್ನು ಝೆರಾಕ್ಸ್ ಮಾಡಿಸುವ ಸುಲಭದ ದಾರಿ ನಮಗಿಲ್ಲ. ಮನೆಯ ಪುಟ್ಟ ಪ್ರಿಂಟರೇ ಗತಿ. ವರ್ಷದ ಲೆಕ್ಕ ಒಪ್ಪಿಸುವ ಹೊತ್ತಿಗೆ ಖಜಾಂಚಿಯವರು ಕನ್ನಡಕ ಮೇಲೆತ್ತಿ ಒಂದು ಸಾಲಿನ ಮೇಲೆ ಬೆರಳಿಟ್ಟರು. 2,800 ರೂಪಾಯಿಗೆ ಕೊಂಡ ಯಂತ್ರಕ್ಕೆ 9 ತಿಂಗಳಲ್ಲಿ 7,650 ರೂಪಾಯಿಯ ಶಾಯಿ. ಅವರು ಉಡುಪಿ ಕಡೆಯವರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. "ಎಂತ ಮಾರಾಯ್ರೇ, ಇದು ಶಾಯಿಯೋ ಅತ್ತರೋ?" ಎಂದರು.

ತಿಂಗಳಿಗೊಂದು ಕಾರ್ಟ್ರಿಜ್, ಒಂದಕ್ಕೆ 850 ರೂಪಾಯಿ. ಲ್ಯಾಮಿಂಗ್ಟನ್ ರಸ್ತೆಯ ಒಬ್ಬ ರಿಪೇರಿಯವನು ಖಾಲಿ ಕಾರ್ಟ್ರಿಜ್ಜಿಗೆ ಸಿರಿಂಜಿನಿಂದ ಶಾಯಿ ತುಂಬಿಕೊಟ್ಟಾಗಲೇ ಅದರೊಳಗೆ ಎಷ್ಟು ಹಿಡಿಯುತ್ತದೆ ಎಂಬುದು ನನಗೆ ಕಣ್ಣಾರೆ ತಿಳಿದದ್ದು: 6 ಮಿಲಿಲೀಟರ್. ಅಂದರೆ ಲೀಟರಿಗೆ 1 ಲಕ್ಷ 41 ಸಾವಿರ ರೂಪಾಯಿಗೂ ಮಿಗಿಲು. 9 ಕಾರ್ಟ್ರಿಜ್‌ಗಳ ಶಾಯಿಯನ್ನೆಲ್ಲ ಕೂಡಿಸಿದರೂ 54 ಮಿಲಿಲೀಟರ್. ನಾವು ಶಾಲೆಯ ದಿನಗಳಲ್ಲಿ ಪೆನ್ನಿಗೆ ತುಂಬುತ್ತಿದ್ದ ಬ್ರಿಲ್ ಶಾಯಿಯ ಒಂದು ಬಾಟಲಿಯೂ ತುಂಬುವುದಿಲ್ಲ. ರಿಪೇರಿಯವನು 150 ರೂಪಾಯಿ ತೆಗೆದುಕೊಂಡ. ನಾಲ್ಕು ತಿಂಗಳು ಹೀಗೆಯೇ ಸಾಗಿತು. ಆಮೇಲೊಂದು ಬೆಳಗ್ಗೆ ಯಂತ್ರ ತನ್ನಷ್ಟಕ್ಕೆ ತಾನೇ ಅಂತರ್ಜಾಲದಿಂದ ಏನನ್ನೋ ಇಳಿಸಿಕೊಂಡು, ಒಳಗಿರುವುದು ಅಸಲಿ ಕಾರ್ಟ್ರಿಜ್ ಅಲ್ಲವೆಂದು ಘೋಷಿಸಿ ಕೂತುಬಿಟ್ಟಿತು. ಹಿಂದಿನ ರಾತ್ರಿ ಅಚ್ಚು ಹಾಕಿದ್ದ ಅದೇ ಕಾರ್ಟ್ರಿಜ್, ಅದೇ ಶಾಯಿ. ಮಳೆಗೆ ಲೋಕಲ್ ರೈಲು ನಿಂತಿದ್ದ ವಾರವದು, ಹೊಸದನ್ನು ತರಲಾಗಲಿಲ್ಲ. ಆ ತಿಂಗಳು ಚರ್ಚೆ ಆರಂಭಿಸಬೇಕಿದ್ದವರು ಮಾಟುಂಗದ ನಿವೃತ್ತ ಶಿಕ್ಷಕಿಯೊಬ್ಬರು. ಕತೆಯನ್ನು ಓದದೆಯೇ ಬಂದರು. "ಯಾರಾದರೂ ಓದಿ ಹೇಳಿ, ಕೇಳಿಸಿಕೊಂಡೇ ಮಾತಾಡ್ತೇನೆ" ಎಂದರು. ಓದಿದೆವು, ಅವರೂ ಮಾತಾಡಿದರು. ನನಗೆ ಮಾತ್ರ ಅವಮಾನವಾದಂತಾಯಿತು.

ದುಬಾರಿ ಎಂಬ ಗೊಣಗಾಟ ಬೇರೆ, ಈ ಸಿಟ್ಟು ಬೇರೆ. ದುಡ್ಡು ಕೊಟ್ಟು ಮನೆಗೆ ತಂದ ಯಂತ್ರಕ್ಕೆ ಯಾವ ಶಾಯಿ ಹಾಕಬೇಕೆಂದು ಹೇಳುವ ಅಧಿಕಾರ ಮಾರಿದವನ ಕೈಯಲ್ಲಿ ಇನ್ನೂ ಉಳಿದಿರುತ್ತದೆಯೇ? ಹುಡುಕುತ್ತ ಹೋದಾಗ ಈ ಪ್ರಶ್ನೆಗೆ ನೂರು ವರ್ಷ ಮೀರಿದ ವಯಸ್ಸಿದೆಯೆಂದು ತಿಳಿಯಿತು. ಅದು ಶಾಯಿಯ ಹೆಸರಿನಲ್ಲಿಯೇ ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು.

ನಮ್ಮ ಹಿರಿಯ ಓದುಗರಿಗೆ ಸೈಕ್ಲೋಸ್ಟೈಲ್ ಯಂತ್ರದ ನೆನಪಿರಬೇಕು. ಮೇಣದ ಲೇಪವಿದ್ದ ಸ್ಟೆನ್ಸಿಲ್ ಹಾಳೆಯನ್ನು ಟೈಪ್‌ರೈಟರಿನಿಂದ ಹೊಡೆದೋ, ಕನ್ನಡದ ಟೈಪ್‌ರೈಟರ್ ಇಲ್ಲದ ಕಡೆ ಮೊನಚು ಕಡ್ಡಿಯಿಂದ ಕೈಯಲ್ಲೇ ಕೊರೆದೋ, ಉರುಳೆಗೆ ಸುತ್ತಿ, ಶಾಯಿ ಬಳಿದು, ಹಿಡಿ ತಿರುಗಿಸಿದರೆ ಪ್ರತಿಗಳು ಒಂದರ ಹಿಂದೊಂದು ಬೀಳುತ್ತಿದ್ದವು. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ಸವರುತ್ತಿದ್ದ ನಮ್ಮ ಲಿಪಿಕಾರರಿಗೆ ಈ ಕೆಲಸ ಅಪರಿಚಿತವೆನಿಸುತ್ತಿರಲಿಲ್ಲ. ಹೊರನಾಡಿನ ಎಷ್ಟು ಸಂಘಗಳ ಸುತ್ತೋಲೆ, ನಾಟಕದ ಪ್ರತಿ, ಲೆಕ್ಕಪತ್ರಗಳು ಈ ಯಂತ್ರದ ಕರಿ ಶಾಯಿಯಲ್ಲಿ ಮಿಂದು ಬಂದಿವೆಯೋ! ಇದೇ ಕುಲದ ಯಂತ್ರಕ್ಕೆ ಅಮೆರಿಕದಲ್ಲಿ ಮಿಮಿಯೋಗ್ರಾಫ್ ಎಂದು ಹೆಸರು. ಥಾಮಸ್ ಎಡಿಸನ್ 1876ರಲ್ಲಿ ಪಡೆದ ಒಂದು ಪೇಟೆಂಟಿನಿಂದ ಅದರ ವಂಶ ಶುರುವಾಗುತ್ತದೆ. ಶಿಕಾಗೋದಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಆಲ್ಬರ್ಟ್ ಬ್ಲೇಕ್ ಡಿಕ್ ಎಂಬಾತ ಎಡಿಸನ್ನನಿಂದ ಪರವಾನಗಿ ಪಡೆದು 1887ರಲ್ಲಿ ಅದನ್ನು ಮಾರಾಟಕ್ಕೆ ತಂದ.

ಡಿಕ್ ಕಂಪನಿ ತನ್ನ ಯಂತ್ರದ ಮೈಮೇಲೆ ಒಂದು ಒಕ್ಕಣೆ ಅಂಟಿಸುತ್ತಿತ್ತು. ಈ ಯಂತ್ರವನ್ನು ನಮ್ಮ ಕಂಪನಿಯೇ ತಯಾರಿಸಿದ ಸ್ಟೆನ್ಸಿಲ್ ಕಾಗದ, ಶಾಯಿ ಮತ್ತಿತರ ಸಾಮಗ್ರಿಗಳೊಂದಿಗೆ ಮಾತ್ರ ಬಳಸತಕ್ಕದ್ದು ಎಂಬ ಷರತ್ತಿನ ಮೇಲೆ ಮಾರಲಾಗಿದೆ ಎಂಬುದು ಅದರ ಸಾರಾಂಶ. ನ್ಯೂಯಾರ್ಕಿನಲ್ಲಿ ಸ್ಕೌ ಎಂಬ ಹೆಸರಿನ ಮಹಿಳೆ ಅಂಥದೊಂದು ಯಂತ್ರ ಕೊಂಡಿದ್ದರು. ಅವರಿಗೆ ಸಿಡ್ನಿ ಹೆನ್ರಿ ಎಂಬ ವ್ಯಾಪಾರಿ ಒಂದು ಡಬ್ಬಿ ಶಾಯಿ ಮಾರಿದ. ಆ ಶಾಯಿಗೆ ಯಾವ ಪೇಟೆಂಟೂ ಇರಲಿಲ್ಲ. ಯಾರು ಬೇಕಾದರೂ ತಯಾರಿಸಬಹುದಾದ ಸಾಮಾನ್ಯ ಸರಕು. ಆದರೂ ಯಂತ್ರದ ಮೇಲಿನ ಒಕ್ಕಣೆ ಗೊತ್ತಿದ್ದೂ ಮಾರಿದನೆಂದು ಕಂಪನಿ ಅವನ ಮೇಲೆ ಪೇಟೆಂಟ್ ಉಲ್ಲಂಘನೆಗೆ ನೆರವಾದ ದಾವೆ ಹೂಡಿತು. ಅಮೆರಿಕದ ಸುಪ್ರೀಂ ಕೋರ್ಟು 1912ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿತು. ಒಂಬತ್ತು ಪೀಠಗಳಲ್ಲಿ ಒಂದು ಖಾಲಿ, ಒಬ್ಬರು ಗೈರು. ಉಳಿದ ಏಳರಲ್ಲಿ ನಾಲ್ವರು ಕಂಪನಿಯ ಪರ, ಮೂವರು ವಿರುದ್ಧ. ಒಂದು ಡಬ್ಬಿ ಶಾಯಿ ಮಾರಿದವನು ಸೋತ.

ಬಹುಮತದ ತೀರ್ಪಿನಲ್ಲಿ ನಮಗೆ ಇಂದು ಮುಖ್ಯವಾಗುವ ಒಂದು ಮಾತಿದೆ. ಪೇಟೆಂಟುದಾರನು ಯಂತ್ರವನ್ನು ಅಸಲಿಗೋ ಅದಕ್ಕೂ ಕಡಿಮೆಗೋ ಮಾರಿ, ಅದರೊಂದಿಗೆ ಬಳಸುವ ಬೇರೆ ಸಾಮಗ್ರಿಗಳ ಲಾಭವನ್ನೇ ನೆಚ್ಚಿಕೊಂಡಿದ್ದರೆ ಅದು ಅವನ ಇಷ್ಟ ಎಂಬ ಮಾತು. ಅಂದರೆ 2,800 ರೂಪಾಯಿಯ ಪ್ರಿಂಟರು, 850 ರೂಪಾಯಿಯ ಕಾರ್ಟ್ರಿಜ್ ಎಂಬ ವ್ಯಾಪಾರದ ಒಳಗುಟ್ಟು 1912ರಷ್ಟು ಹಿಂದೆಯೇ ನ್ಯಾಯಾಲಯದ ಕಡತದಲ್ಲಿ ದಾಖಲಾಗಿತ್ತು. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೈಟ್ ಅವರು ಇದರ ಪರಿಣಾಮವನ್ನು ಮನೆಮನೆಯ ಉದಾಹರಣೆಗಳಿಂದ ತೋರಿಸಿದರು. ಹೀಗಾದರೆ ಬಡಗಿಯ ಉಜ್ಜುಗೊರಡಿಗೆ ಪೇಟೆಂಟು ಪಡೆದವನು ಇಂಥವನ ಜಮೀನಿನ ಮರವನ್ನೇ ಹೆರೆಯಬೇಕೆಂದು ಕಟ್ಟಳೆ ಮಾಡಬಹುದು. ಅಡುಗೆಯ ಪಾತ್ರೆ ಮಾರಿದವನು ಅದರಲ್ಲಿ ತನ್ನ ಅಂಗಡಿಯ ದಿನಸಿಯನ್ನೇ ಬೇಯಿಸಬೇಕೆನ್ನಬಹುದು. ಹೊಲಿಗೆ ಯಂತ್ರ ಮಾರಿದವನು ಸೂಜಿ, ದಾರ, ಎಣ್ಣೆ ಎಲ್ಲಕ್ಕೂ ಒಡೆಯನಾಗಬಹುದು. ಮನೆಯಲ್ಲಿ ಉಷಾ ಹೊಲಿಗೆ ಯಂತ್ರವನ್ನು ಕಂಡು ಬೆಳೆದ ನಮಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಗಿರಣಿಯ ದಾರ ಎಂದು ಅಮ್ಮನನ್ನು ಆ ಯಂತ್ರ ಎಂದೂ ಕೇಳಲಿಲ್ಲ.

ತೀರ್ಪು ಬಹಳ ಕಾಲ ಬಾಳಲಿಲ್ಲ. 1914ರ ಕ್ಲೇಟನ್ ಕಾಯಿದೆ ಪೈಪೋಟಿಯನ್ನು ಕುಗ್ಗಿಸುವ ಇಂಥ ಕಟ್ಟುಗಂಟಿನ ಮಾರಾಟಗಳಿಗೆ ಕಡಿವಾಣ ಹಾಕಿತು. 1917ರಲ್ಲಿ ಸುಪ್ರೀಂ ಕೋರ್ಟು ತನ್ನ ಮಾತನ್ನು ತಾನೇ ಹಿಂದೆ ತೆಗೆದುಕೊಂಡಿತು. ಆಗ ಕಟ್ಟೆಯೇರಿದ್ದು ಸಿನಿಮಾ ಪ್ರೊಜೆಕ್ಟರು. ಅದರಲ್ಲಿ ತಮ್ಮ ಕೂಟ ಪರವಾನಗಿ ಕೊಟ್ಟ ಚಿತ್ರಗಳನ್ನೇ ತೋರಿಸಬೇಕೆಂದು ಷರತ್ತು ಹಾಕಿದ್ದವರು ಎಡಿಸನ್ನನ ಪೇಟೆಂಟುಗಳ ಸುತ್ತ ಕಟ್ಟಿಕೊಂಡಿದ್ದ ವ್ಯಾಪಾರಿಗಳು. ಮಿಮಿಯೋಗ್ರಾಫಿನ ಹಿಂದೆಯೂ ಎಡಿಸನ್, ಪ್ರೊಜೆಕ್ಟರಿನ ಹಿಂದೆಯೂ ಎಡಿಸನ್. ಆ ಮಹಾನುಭಾವ ಬೆಳಕು ಕೊಟ್ಟದ್ದನ್ನಷ್ಟೇ ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಆಮೇಲೆ 1936ರಲ್ಲಿ ಐಬಿಎಂ ಕಂಪನಿಯ ಸರದಿ. ಲೆಕ್ಕದ ಯಂತ್ರಗಳನ್ನು ಬಾಡಿಗೆಗೆ ಕೊಟ್ಟು, ಅವಕ್ಕೆ ತನ್ನ ತೂತುಕಾರ್ಡುಗಳನ್ನೇ ಹಾಕಬೇಕೆಂದು ಅದು ವಿಧಿಸಿತ್ತು. ಬೇರೆಯವರ ಕಾರ್ಡು ಹಾಕಿದರೆ ಯಂತ್ರ ತಪ್ಪು ಲೆಕ್ಕ ಕೊಡುತ್ತದೆ, ನಮ್ಮ ಹೆಸರು ಕೆಡುತ್ತದೆ ಎಂಬುದು ಅದರ ಸಮರ್ಥನೆ. ನ್ಯಾಯಾಲಯ ಒಪ್ಪಲಿಲ್ಲ. ಪರಕೀಯ ಶಾಯಿಯಿಂದ ಯಂತ್ರ ಕೆಡುತ್ತದೆ ಎಂದು ಇಂದು ನಮ್ಮ ಪರದೆಯ ಮೇಲೆ ಮೂಡುವ ಎಚ್ಚರಿಕೆಗೆ ಅಂದಿನ ಆ ವಾದವೇ ಅಜ್ಜ. ಐಬಿಎಂ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಅದು ಮತ್ತೆ ಬರುತ್ತದೆ.

ಯಂತ್ರ ಅಗ್ಗ, ಒಳಗಿನ ಸರಕು ತುಟ್ಟಿ ಎಂಬ ಉಪಾಯಕ್ಕೆ ಎಲ್ಲರೂ ಕೊಡುವ ಉದಾಹರಣೆ ಜಿಲೆಟ್ ರೇಜರು. ಇದು ಅರ್ಧ ದಂತಕತೆ. 1903ರಲ್ಲಿ ಮಾರಾಟಕ್ಕೆ ಬಂದಾಗ ಜಿಲೆಟ್ ರೇಜರಿನ ಬೆಲೆ 5 ಡಾಲರ್. ಆ ಕಾಲಕ್ಕೆ ಅದು ಸಣ್ಣ ಮೊತ್ತವೇನಲ್ಲ. ಪೇಟೆಂಟು ಜೀವಂತವಿದ್ದಷ್ಟು ದಿನವೂ ಹಿಡಿಯನ್ನು ಅಗ್ಗ ಮಾಡುವ ಅಗತ್ಯ ಕಂಪನಿಗೆ ಕಾಣಲಿಲ್ಲ. 1921ರಲ್ಲಿ ಪೇಟೆಂಟಿನ ಅವಧಿ ಮುಗಿದು ಪೈಪೋಟಿ ಬಂದ ಮೇಲೆಯೇ ಬೆಲೆ ಇಳಿದದ್ದು. ಅದಕ್ಕಿಂತ ಒಪ್ಪುವ ಉದಾಹರಣೆ ಕೊಡಕ್ ಕಂಪನಿಯ ಬ್ರೌನಿ ಕ್ಯಾಮೆರಾ. 1900ರಲ್ಲಿ ಅದರ ಬೆಲೆ ಒಂದೇ ಡಾಲರ್. ಮಕ್ಕಳ ಕೈಗೂ ಕ್ಯಾಮೆರಾ ಬಂತು. ಫಿಲ್ಮಿನ ಸುರುಳಿಗಳು ಮಾತ್ರ ಮತ್ತೆ ಮತ್ತೆ ಕೊಡಕ್ಕಿನಿಂದಲೇ ಬರಬೇಕು. ಈ ಕಂಪನಿಯೂ ನಮ್ಮ ಕತೆಗೆ ಮರಳಿ ಬರುತ್ತದೆ, ಆಗ ಉಲ್ಟಾ ವೇಷದಲ್ಲಿ.

ಇನ್ನು ಶಾಯಿ ಚಿಮ್ಮುವ ಯಂತ್ರದ ಮಾತು. ದ್ರವದ ಧಾರೆ ತಾನಾಗಿಯೇ ಹನಿಗಳಾಗಿ ಒಡೆಯುವುದೇಕೆ ಎಂಬುದನ್ನು 1878ರಲ್ಲಿ ಲಾರ್ಡ್ ರೇಲಿ ಗಣಿತದಿಂದ ವಿವರಿಸಿದರು. ಆ ತತ್ವವನ್ನು ಹಿಡಿದು 1951ರಲ್ಲಿ ಶಾಯಿಯ ಧಾರೆಯಿಂದ ಗೆರೆ ಬರೆಯುವ ವೈದ್ಯಕೀಯ ಉಪಕರಣಕ್ಕೆ ಪೇಟೆಂಟು ಪಡೆದವರು ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್. 1958ರಲ್ಲಿ ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಇಟ್ಟ ಪೇಸ್‌ಮೇಕರನ್ನು ರಚಿಸಿದವರೂ ಇವರೇ ಎಂಬುದು ಪ್ರಸಂಗಕ್ಕೆ ಹೊರತಾದ ಸಂಗತಿ. ಆದರೂ ಹೇಳದೆ ಇರಲಾಗಲಿಲ್ಲ. ಮನೆಯ ಮೇಜಿನ ಪ್ರಿಂಟರು ಹುಟ್ಟಿದ್ದು ಇಪ್ಪತ್ತೈದು ವರ್ಷದ ಅನಂತರ, ಪೆಸಿಫಿಕ್ ಸಾಗರದ ಎರಡು ದಡಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೆ. ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ 1977ರಲ್ಲಿ ಇಚಿರೋ ಎಂಡೋ ಎಂಬ ಎಂಜಿನಿಯರ್ ಇದ್ದಾಗ, ಕಾದ ಬೆಸುಗೆಯ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಕ್ಯಾಲಿಫೋರ್ನಿಯಾದ ಎಚ್‌ಪಿ ಕಂಪನಿಯಲ್ಲಿ ಜಾನ್ ವಾಟ್ ಮತ್ತು ಸಂಗಡಿಗರು ಮರುವರ್ಷದ ಹೊತ್ತಿಗೆ ಇದೇ ದಾರಿಗೆ ಬಂದರು; ಕುದಿಯುವ ನೀರು ಕೊಳವೆಯಲ್ಲಿ ಮೇಲಕ್ಕೆ ತಳ್ಳಲ್ಪಡುವ ಕಾಫಿ ಪಾತ್ರೆಯ ಹೋಲಿಕೆ ಅವರ ಮನಸ್ಸಿನಲ್ಲಿತ್ತು. ಕೂದಲಿಗಿಂತ ಸಣ್ಣ ರಂಧ್ರದ ಹಿಂದೆ ಒಂದು ಪುಟ್ಟ ತಾಪಕ. ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಅದು ಕಾದು, ಶಾಯಿಯಲ್ಲಿ ಗುಳ್ಳೆ ಎದ್ದು, ಒಂದು ಹನಿ ಹೊರಗೆ ಬೀಳುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಇದು ನಿಜಕ್ಕೂ ಕೌಶಲದ ಕೆಲಸ, ಅದನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ.

ಆದರೆ ಆ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತಿದ್ದವು, ತಾಪಕಗಳು ಸುಟ್ಟುಹೋಗುತ್ತಿದ್ದವು. ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಪರಿಹಾರ ಜಾಣತನದ್ದು: ಅಚ್ಚಿನ ತಲೆಯನ್ನು ಗಟ್ಟಿ ಮಾಡುವ ಬದಲು ಅದನ್ನು ಶಾಯಿಯ ಡಬ್ಬಿಗೇ ಅಂಟಿಸುವುದು. ಶಾಯಿ ಮುಗಿದಾಗ ತಲೆಯನ್ನೂ ಎಸೆದು ಹೊಸದನ್ನು ಹಾಕಿದರಾಯಿತು. 1984ರಲ್ಲಿ 495 ಡಾಲರಿಗೆ ಬಂದ ಎಚ್‌ಪಿಯ ಥಿಂಕ್‌ಜೆಟ್ ಪ್ರಿಂಟರು ಈ ಬಗೆಯದು. ತಾಂತ್ರಿಕ ತೊಡಕಿನ ಬಿಡುಗಡೆಗೆ ಹೊಳೆದ ಈ ಉಪಾಯವೇ ಮುಂದೆ ವ್ಯಾಪಾರದ ಕೀಲಿಯಾಯಿತೆಂದು ನನ್ನ ಊಹೆ. ಶಾಯಿಯ ಡಬ್ಬಿ ಈಗ ಬರಿಯ ಡಬ್ಬಿಯಲ್ಲ, ಪೇಟೆಂಟುಗಳಿಂದ ಸುತ್ತುವರಿದ ಯಂತ್ರಭಾಗ. ಡಿಕ್ ಕಂಪನಿಗೆ ಮೈಮೇಲೆ ಅಂಟಿಸಿದ ಒಕ್ಕಣೆ ಬೇಕಿತ್ತು. ಇಲ್ಲಿ ಡಬ್ಬಿಯ ಆಕಾರವೇ ಒಕ್ಕಣೆ. ಎಪ್ಸನ್ ಕಂಪನಿಯದು ಬೇರೆ ಮಾರ್ಗ. ಅಲ್ಲಿ ಶಾಖವಿಲ್ಲ, ವಿದ್ಯುತ್ತು ತಗುಲಿದಾಗ ಬಾಗುವ ಹರಳು ಶಾಯಿಯನ್ನು ತಳ್ಳುತ್ತದೆ. ತಲೆ ಯಂತ್ರದಲ್ಲೇ ಸ್ಥಿರವಾಗಿರುತ್ತದೆ. ಹಾಗಾದರೆ ಶಾಯಿಯ ತೊಟ್ಟಿ ಬರಿಯ ಪ್ಲಾಸ್ಟಿಕ್ಕು ತಾನೇ? ಅದಕ್ಕೂ ಮುಂದೆ ಪುಟ್ಟದೊಂದು ಚಿಪ್ ಬಂದು ಕೂತಿತು.

1988ರಲ್ಲಿ ಸಾವಿರ ಡಾಲರಿನ ಹತ್ತಿರವಿದ್ದ ಡೆಸ್ಕ್‌ಜೆಟ್ ಪ್ರಿಂಟರಿನ ವಂಶಜರು ಶತಮಾನ ಮುಗಿಯುವ ಹೊತ್ತಿಗೆ 100 ಡಾಲರಿಗಿಂತ ಕೆಳಗೆ ಇಳಿದಿದ್ದರು. ಯಂತ್ರದಲ್ಲಿ ಬಿಟ್ಟುಕೊಟ್ಟದ್ದನ್ನು ಶಾಯಿಯಲ್ಲಿ ಹಿಂದಕ್ಕೆ ಪಡೆಯಬೇಕು. ಆದ್ದರಿಂದ ಅಂಗಡಿಯಲ್ಲಿ ನಾವು ಕೊಡುವ 850 ರೂಪಾಯಿ ಬರಿಯ ಶಾಯಿಯ ಬೆಲೆಯಲ್ಲ, ಅದರಲ್ಲಿ ಯಂತ್ರದ ಸಾಲದ ಕಂತೂ ಸೇರಿದೆ. ಈ ಏರ್ಪಾಡಿನಲ್ಲಿ ಹೆಚ್ಚು ಅಚ್ಚು ಹಾಕುವವನು ಕಡಿಮೆ ಅಚ್ಚು ಹಾಕುವವನ ಯಂತ್ರದ ಬೆಲೆಯನ್ನೂ ತೆರುತ್ತಾನೆ. ಹಾಗೆಂದು ಕಡಿಮೆ ಬಳಸುವವನು ಗೆದ್ದನೆಂದೂ ಅಲ್ಲ. ವಾರಗಟ್ಟಲೆ ಸುಮ್ಮನಿದ್ದ ಯಂತ್ರ ಎಚ್ಚೆತ್ತಾಗಲೆಲ್ಲ ಬಾಯಿ ಮುಕ್ಕಳಿಸಿಕೊಳ್ಳುವಂತೆ ಒಂದಿಷ್ಟು ಶಾಯಿಯನ್ನು ರಂಧ್ರಗಳ ಶುದ್ಧಿಗೆಂದು ಚೆಲ್ಲುತ್ತದೆ. ಹೊಸ ಯಂತ್ರದೊಂದಿಗೆ ಬರುವ ಕಾರ್ಟ್ರಿಜ್ ಹಲವು ಮಾದರಿಗಳಲ್ಲಿ ಅರೆ ತುಂಬಿದ್ದು. ನೀಲಿ ಮುಗಿದಿದೆಯೆಂದು ಕಪ್ಪಿನಲ್ಲೂ ಅಚ್ಚು ಹಾಕಲೊಲ್ಲದ ಯಂತ್ರಗಳನ್ನು ನಾನೇ ಕಂಡಿದ್ದೇನೆ. ಪೊಟ್ಟಣದ ಮೇಲೆ ಪುಟಗಳ ಲೆಕ್ಕ ದಪ್ಪಕ್ಷರದಲ್ಲಿರುತ್ತದೆ. ಆ ಪುಟಗಳು 24 ಅಳತೆಯ ಕನ್ನಡ ಅಕ್ಷರದವಲ್ಲವೆಂದು ನಮ್ಮ ಖಜಾಂಚಿಯವರಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು.

ಈಗ ಐಬಿಎಂ ಮಾತಿಗೆ ಬರಬಹುದು. ಆ ಕಂಪನಿ 1991ರಲ್ಲಿ ತನ್ನ ಪ್ರಿಂಟರು ಮತ್ತು ಟೈಪ್‌ರೈಟರ್ ವಿಭಾಗವನ್ನು ಮಾರಿತು. ಅದು ಲೆಕ್ಸ್‌ಮಾರ್ಕ್ ಎಂಬ ಸ್ವತಂತ್ರ ಕಂಪನಿಯಾಯಿತು. ತೂತುಕಾರ್ಡಿನ ಮೊಕದ್ದಮೆಯಲ್ಲಿ ಸೋತ ಮನೆತನದ ಕೂಸು ಇದು. ಕಚೇರಿಗಳ ಲೇಸರ್ ಪ್ರಿಂಟರುಗಳಿಗೆ ಲೆಕ್ಸ್‌ಮಾರ್ಕ್ ಎರಡು ಬೆಲೆಯ ಟೋನರ್ ಕಾರ್ಟ್ರಿಜ್ ಮಾರುತ್ತಿತ್ತು. ಪೂರ್ತಿ ಬೆಲೆ ಕೊಟ್ಟರೆ ನಿಮ್ಮಿಷ್ಟ. ಸುಮಾರು 20 ಪ್ರತಿಶತ ರಿಯಾಯಿತಿ ಬೇಕಿದ್ದರೆ ಒಮ್ಮೆ ಬಳಸಿ ಖಾಲಿಯಾದದ್ದನ್ನು ಕಂಪನಿಗೇ ಹಿಂದಿರುಗಿಸಬೇಕು, ಬೇರೆಯವರಿಂದ ತುಂಬಿಸಬಾರದು. ಇದನ್ನು ಕಾಯಲು ಕಾರ್ಟ್ರಿಜ್ಜಿನಲ್ಲೊಂದು ಚಿಪ್. ಉತ್ತರ ಕೆರೊಲಿನಾದ ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಕಂಪನಿ ಆ ಚಿಪ್ಪಿಗೆ ಸಾಟಿಯಾದ ಚಿಪ್ಪನ್ನು ಮಾಡಿ ಕಾರ್ಟ್ರಿಜ್ ತುಂಬುವವರಿಗೆ ಮಾರಿತು. ಲೆಕ್ಸ್‌ಮಾರ್ಕ್ ಈ ಸಲ ಪೇಟೆಂಟ್ ಬಿಟ್ಟು ಕೃತಿಸ್ವಾಮ್ಯದ ಆಯುಧ ಎತ್ತಿತು. ಚಿಪ್ಪಿನೊಳಗಿನ ಪ್ರೋಗ್ರಾಂ ನಮ್ಮ ಕೃತಿ, ಅದನ್ನು ನಕಲು ಮಾಡಲಾಗಿದೆ ಎಂದಿತು. ಆ 'ಕೃತಿ'ಯ ಗಾತ್ರ ನೂರು ಬೈಟ್ ಕೂಡ ಇಲ್ಲ. ಕನ್ನಡದಲ್ಲಾದರೆ ಒಂದು ವಚನದ ಅಂಕಿತವಷ್ಟೇ ಹಿಡಿದೀತು. ಕೆಳಗಿನ ನ್ಯಾಯಾಲಯ ಲೆಕ್ಸ್‌ಮಾರ್ಕಿನ ಪರ ತಡೆಯಾಜ್ಞೆ ಕೊಟ್ಟಿತ್ತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬೀಗದ ಕೈಯನ್ನು ಕಾವ್ಯವೆಂದು ಕರೆದು ಕಾಪಾಡಿಕೊಳ್ಳುವುದು ಅದಕ್ಕೆ ಒಪ್ಪಿಗೆಯಾಗಲಿಲ್ಲ.

ಕಂಪನಿ ಮತ್ತೆ ಪೇಟೆಂಟಿಗೆ ಮರಳಿತು. ಖಾಲಿ ಕಾರ್ಟ್ರಿಜ್‌ಗಳನ್ನು ಕೊಂಡು ತುಂಬಿ ಮಾರುತ್ತಿದ್ದವರ ಮೇಲೆ ದಾವೆ ಹೂಡಿದಾಗ ಉಳಿದವರೆಲ್ಲ ಒಬ್ಬೊಬ್ಬರಾಗಿ ರಾಜಿ ಮಾಡಿಕೊಂಡರು. ಪಶ್ಚಿಮ ವರ್ಜೀನಿಯಾದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿ ಮಾತ್ರ ಹಟ ಹಿಡಿದು ನಿಂತಿತು. 2017ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟು ಅದರ ಪರ ತೀರ್ಪಿತ್ತಿತು. ವಸ್ತುವನ್ನು ಮಾರಿದ ಗಳಿಗೆಗೇ ಅದರ ಮೇಲಿನ ಪೇಟೆಂಟಿನ ಹಕ್ಕು ಮುಗಿಯುತ್ತದೆ; ಆಮೇಲೆ ಏನೇ ಷರತ್ತಿದ್ದರೂ ಅದು ಕೊಂಡವನ ಮತ್ತು ಮಾರಿದವನ ನಡುವಿನ ಕರಾರು, ಪೇಟೆಂಟಿನ ವಿಷಯವಲ್ಲ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಇದಕ್ಕೆ ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಮಾರುವ ಅಂಗಡಿಯ ಉದಾಹರಣೆ ಕೊಟ್ಟರು. ಕಾರಿನ ಸಾವಿರಾರು ಬಿಡಿಭಾಗಗಳ ಪೇಟೆಂಟುದಾರರೆಲ್ಲ ಆ ಅಂಗಡಿಯ ಬಾಗಿಲಿಗೆ ಬಂದು ನಿಂತರೆ ವ್ಯಾಪಾರ ನಡೆಯುವುದೆಂತು? ವೈಟ್ ಅವರ ಉಜ್ಜುಗೊರಡು, ಹೊಲಿಗೆ ಯಂತ್ರಗಳಿಂದ ಈ ಕಾರಿನ ಅಂಗಡಿಗೆ 105 ವರ್ಷದ ದಾರಿ. ಇದರ ನಡುವೆ ಇನ್ನೊಂದು ತಮಾಷೆ ನಡೆದಿತ್ತು. ಚೀನಾದಲ್ಲಿ ಬದಲಿ ಕಾರ್ಟ್ರಿಜ್‌ಗಳಿಗೆ ಚಿಪ್ ತಯಾರಿಸುವ ಏಪೆಕ್ಸ್ ಎಂಬ ಕಂಪನಿ 2015ರಲ್ಲಿ ಸ್ಟ್ಯಾಟಿಕ್ ಕಂಟ್ರೋಲನ್ನು ಕೊಂಡಿತು. ಮರುವರ್ಷ ಅದರದೇ ಮುಂದಾಳುತನದ ಕೂಟ ಲೆಕ್ಸ್‌ಮಾರ್ಕನ್ನೂ ಕೊಂಡಿತು. ಇತ್ತ ಮೊಕದ್ದಮೆ ನಡೆಯುತ್ತಿರುವಾಗಲೇ ಅತ್ತ ಬೀಗ ಮತ್ತು ಕಳ್ಳಬೀಗದ ಕೈ ಎರಡೂ ಒಂದೇ ಮನೆಯ ಸ್ವತ್ತಾಗಿದ್ದವು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹಿಂದುಳಿದಿಲ್ಲ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿಯ ಬುನಾದಿಯ ಮೇಲೆ ರೂಪುಗೊಂಡ 1970ರ ಪೇಟೆಂಟ್ ಕಾಯಿದೆಯ 140ನೆಯ ಕಲಮು ಇದನ್ನೇ ಹೇಳುತ್ತದೆ: ಪೇಟೆಂಟು ಇರುವ ವಸ್ತುವನ್ನು ಮಾರುವಾಗ, ಅದರೊಂದಿಗೆ ಪೇಟೆಂಟಿಗೆ ಸೇರದ ಬೇರೆ ವಸ್ತುವನ್ನೂ ತನ್ನಿಂದಲೇ ಕೊಳ್ಳಬೇಕು ಅಥವಾ ಇನ್ನೊಬ್ಬರಿಂದ ಕೊಳ್ಳಬಾರದು ಎಂಬ ಷರತ್ತು ಹಾಕುವುದು ಕಾನೂನುಬಾಹಿರ. ಡಿಕ್ ಕಂಪನಿಯ ಒಕ್ಕಣೆ ಇಲ್ಲಿ ನಿಲ್ಲುತ್ತಿರಲಿಲ್ಲ.

ಹಾಗಾದರೆ ನನ್ನ ಮನೆಯ ಯಂತ್ರ ನಿಂತದ್ದೇಕೆ? ಅದು ಯಾವ ಷರತ್ತನ್ನೂ ಹಾಕಲಿಲ್ಲ, ಸಹಿಯನ್ನೂ ಕೇಳಲಿಲ್ಲ, ನ್ಯಾಯಾಲಯಕ್ಕೂ ಎಳೆಯಲಿಲ್ಲ. ಸುಮ್ಮನೆ ಕೆಲಸ ನಿಲ್ಲಿಸಿತು. ನೂರು ವರ್ಷಗಳ ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ತಿರುವು ಇದೇ. ಡಿಕ್ ಕಂಪನಿಗೆ ಸಿಡ್ನಿ ಹೆನ್ರಿಯನ್ನು ತಡೆಯಲು ವಕೀಲರು ಬೇಕಾಗಿದ್ದರು, ವಾದಿಸಬೇಕಾಗಿತ್ತು, ವಾದದಲ್ಲಿ ಮುಂದೊಂದು ದಿನ ಸೋಲುವ ಸಾಧ್ಯತೆಯೂ ಇತ್ತು. ಯಂತ್ರದೊಳಗೆ ಕೂತ ಆಜ್ಞೆಗೆ ಎದುರು ವಾದಿಸುವುದು ಯಾರೊಡನೆ? 2016ರ ಸೆಪ್ಟೆಂಬರ್ 13ರಂದು ಎಚ್‌ಪಿಯ ಕೆಲವು ಮಾದರಿಯ ಪ್ರಿಂಟರುಗಳು ಲೋಕದ ನಾನಾ ಕಡೆ ಏಕಕಾಲಕ್ಕೆ ಬೇರೆಯವರ ಕಾರ್ಟ್ರಿಜ್‌ಗಳನ್ನು ನಿರಾಕರಿಸಿದವು. ಗದ್ದಲವಾಯಿತು. ಕಂಪನಿ ವಿಷಾದಿಸಿ, ಬೇಕಾದವರಿಗೆ ತಡೆಯನ್ನು ತೆಗೆಯುವ ತಂತ್ರಾಂಶ ಕೊಟ್ಟಿತು. ಮುಂದೆ ಅಮೆರಿಕದ ಗ್ರಾಹಕರೊಂದಿಗೆ 15 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರಲ್ಲಿ, ಈ ನಿರ್ಬಂಧಗಳನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂದು, ಅದೇ ಕಂಪನಿಗೆ 1 ಕೋಟಿ ಯೂರೋ ದಂಡ ವಿಧಿಸಿತು. ಕಂಪನಿಯ ಮುಖ್ಯಸ್ಥರಾಗಿದ್ದ ಎನ್ರಿಕೆ ಲೋರೆಸ್ 2024ರ ಜನವರಿಯಲ್ಲಿ ಒಂದು ಟಿವಿ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: ಗ್ರಾಹಕ ಪ್ರಿಂಟರು ಕೊಂಡಾಗಲೆಲ್ಲ ನಾವು ಅವನ ಮೇಲೆ ಬಂಡವಾಳ ಹೂಡುತ್ತೇವೆ, ಅವನು ಸಾಕಷ್ಟು ಅಚ್ಚು ಹಾಕದಿದ್ದರೆ ಅಥವಾ ನಮ್ಮ ಶಾಯಿ ಬಳಸದಿದ್ದರೆ ಅದು ಕೆಟ್ಟ ಹೂಡಿಕೆ ಎಂಬ ಅರ್ಥದ ಮಾತು. ನನಗೆ ಈ ಮಾತಿನ ಮೇಲೆ ಕೋಪವಿಲ್ಲ, ಪ್ರಾಮಾಣಿಕವಾಗಿದೆ. ಅಂಗಡಿಯಲ್ಲಿ ಬಿಲ್ ಹರಿಯುವಾಗಲೇ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಇದರಿಂದ ಹೊರಬರುವ ದಾರಿಯನ್ನು ಹುಡುಕಿದವರಲ್ಲಿ ಮೊದಲು ಸೋತದ್ದು ಕೊಡಕ್. ಒಂದು ಡಾಲರಿನ ಕ್ಯಾಮೆರಾ ಮಾರಿ ಫಿಲ್ಮಿನಿಂದ ಬೆಳೆದ ಆ ಕಂಪನಿ, ಫಿಲ್ಮು ಸಾಯುತ್ತಿದ್ದ ಹೊತ್ತಿನಲ್ಲಿ, 2007ರಲ್ಲಿ ಮನೆಬಳಕೆಯ ಪ್ರಿಂಟರುಗಳನ್ನು ತಂದಿತು. ಯಂತ್ರದ ಬೆಲೆ 149 ಡಾಲರಿನಿಂದ ಮೇಲೆ, ಕಪ್ಪು ಶಾಯಿಯ ಕಾರ್ಟ್ರಿಜ್ 10 ಡಾಲರಿನೊಳಗೆ. ಹಿಂದೆ ಎಚ್‌ಪಿಯ ಪ್ರಿಂಟರ್ ವ್ಯವಹಾರ ನೋಡಿಕೊಂಡಿದ್ದ ಆಂಟೋನಿಯೋ ಪೆರೆಸ್ ಅವರೇ ಆಗ ಕೊಡಕ್ಕಿನ ಮುಖ್ಯಸ್ಥರಾಗಿದ್ದರು. ಲೆಕ್ಕ ಗ್ರಾಹಕನ ಪರವಾಗಿತ್ತು, ಆದರೆ ಅಂಗಡಿಯ ಕಪಾಟಿನ ಮುಂದೆ ನಿಂತ ಗ್ರಾಹಕ ಮೂರು ವರ್ಷದ ಶಾಯಿಯ ಲೆಕ್ಕ ಹಾಕುವುದಿಲ್ಲ. ಯಂತ್ರದ ಮೇಲಿನ ಬೆಲೆಚೀಟಿ ನೋಡುತ್ತಾನೆ. ನಾನೂ ಹಾಗೆಯೇ ಮಾಡಿದ್ದೆ. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ಮನೆಯ ಪ್ರಿಂಟರುಗಳ ಮಾರಾಟ ನಿಲ್ಲಿಸುವುದಾಗಿ ಪ್ರಕಟಿಸಿತು.

ಗೆದ್ದ ದಾರಿ ತೆರೆದದ್ದು ನಮ್ಮಂಥ ದೇಶಗಳ ರಿಪೇರಿ ಅಂಗಡಿಗಳಲ್ಲಿ. ಇಂಡೊನೇಷ್ಯಾದಲ್ಲಿ ಸಣ್ಣ ಅಚ್ಚಿನ ಅಂಗಡಿಗಳವರು ಪ್ರಿಂಟರಿನ ಪಕ್ಕಕ್ಕೆ ಶಾಯಿಯ ಬಾಟಲಿಗಳನ್ನು ಕೂರಿಸಿ, ಸಪೂರ ಕೊಳವೆಗಳಿಂದ ಒಳಗಿನ ತಲೆಗೆ ನೇರವಾಗಿ ಶಾಯಿ ಹರಿಸುತ್ತಿದ್ದರು. ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್, ಬೆಂಗಳೂರಿನ ಎಸ್.ಪಿ. ರೋಡು, ಇವುಗಳಲ್ಲಿ ಓಡಾಡಿದವರಿಗೆ ಆ ನೋಟ ಹೊಸದಲ್ಲ: ನಾಲ್ಕು ಬಣ್ಣದ ನಾಲ್ಕು ಬಾಟಲಿ, ಆಸ್ಪತ್ರೆಯ ಡ್ರಿಪ್ಪಿನಂತೆ ನಾಲ್ಕು ಕೊಳವೆ, ಮುಚ್ಚಳ ಮುಚ್ಚದ ಪ್ರಿಂಟರು. ಕಂಪನಿಗಳ ಕಣ್ಣಿಗೆ ಇದು ಕಳ್ಳಮಾರ್ಗ. ಎಪ್ಸನ್ ಮಾತ್ರ ಅದರಲ್ಲಿ ಗ್ರಾಹಕನ ಮನಸ್ಸನ್ನು ಕಂಡಿತು. 2010ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದಲ್ಲೇ ಮೊದಲು, ಬಾಟಲಿಯಿಂದ ಶಾಯಿ ಸುರಿದು ತುಂಬಿಸುವ ತೊಟ್ಟಿಯ ಪ್ರಿಂಟರನ್ನು ಮಾರಾಟಕ್ಕೆ ಬಿಟ್ಟಿತು. ಯಂತ್ರಕ್ಕೆ ಯಂತ್ರದ ಬೆಲೆ, ಶಾಯಿಗೆ ಶಾಯಿಯ ಬೆಲೆ. ಬೇಗನೆ ಭಾರತಕ್ಕೂ ಬಂತು. ಕೆಲವು ವರ್ಷಗಳಲ್ಲಿ ಕ್ಯಾನನ್, ಎಚ್‌ಪಿ, ಬ್ರದರ್ ಎಲ್ಲರೂ ತೊಟ್ಟಿಯ ಯಂತ್ರಗಳನ್ನು ತಂದರು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳು ಮಾಡಲಾಗದ್ದನ್ನು ಸಿರಿಂಜು ಹಿಡಿದ ಹುಡುಗರು ಮಾಡಿದರೆಂದು ಹೇಳಲು ನನಗೆ ಆಸೆ. ಪೂರ್ತಿ ನಿಜವಲ್ಲದಿದ್ದರೂ ಬಹುಪಾಲು ನಿಜ.

ನಮ್ಮ ಬಳಗವೂ ಚಂದಾ ಎತ್ತಿ ಅಂಥದೊಂದು ಯಂತ್ರ ಕೊಂಡಿದೆ. ಹಳೆಯದರ ಐದು ಪಟ್ಟು ಬೆಲೆ. ಖಜಾಂಚಿಯವರು ಎರಡು ಸಭೆ ಬೇಡವೆಂದು, ಮೂರನೆಯ ಸಭೆಯಲ್ಲಿ ಒಪ್ಪಿದರು. ಇದೂ ಸಾಧುಪ್ರಾಣಿಯೇನಲ್ಲ. ಒಳಗೆ ಚೆಲ್ಲಿದ ಶಾಯಿಯನ್ನು ಹೀರುವ ದಿಂಬು ತುಂಬಿತೆಂದು ಒಂದು ದಿನ ಇದೂ ನಿಲ್ಲುತ್ತದೆ, ಆಗ ಸರ್ವಿಸಿನವನನ್ನು ಕರೆಯಬೇಕೆಂದು ಲ್ಯಾಮಿಂಗ್ಟನ್ ರಸ್ತೆಯವನು ಈಗಲೇ ಎಚ್ಚರಿಸಿದ್ದಾನೆ. 70 ಮಿಲಿಲೀಟರಿನ ಕಪ್ಪು ಶಾಯಿಯ ಬಾಟಲಿ ಕಪಾಟಿನಲ್ಲಿದೆ. ಆರು ತಿಂಗಳಾಯಿತು, ಇನ್ನೂ ಅರ್ಧ ಮುಗಿದಿಲ್ಲ. ಮಾಟುಂಗದ ಶಿಕ್ಷಕಿಯವರಿಗೆ ಈಗ 24 ಅಳತೆಯ ಅಕ್ಷರವೂ ಸಾಲದು. ಮುಂದಿನ ತಿಂಗಳಿಂದ 28 ಮಾಡಿಕೊಡಲು ಕೇಳಿದ್ದಾರೆ. ಪುಟಗಳು ಹೆಚ್ಚಾಗುತ್ತವೆ. ಖಜಾಂಚಿಯವರು ಪಕ್ಕದಲ್ಲೇ ಕೂತಿದ್ದರು, ಏನೂ ಹೇಳಲಿಲ್ಲ.